ಮಂಗಳೂರಿಗೆ ಕೆನಡಾದಲ್ಲೊಬ್ಬ ಸಹೋದರಿ: ಊರು-ಊರುಗಳ ಸಂಬಂಧ ಕುದುರುವುದು ಹೇಗೆ?

ಮಂಗಳೂರು: ಪುತ್ತೂರು, ಬಂಟ್ವಾಳ, ಬೆಳ್ತಂಗಡಿ ಕಡೆಯಿಂದ ಬಂದು ಸ್ಟೇಟ್‌ಬ್ಯಾಂಕ್ ಬಳಿ ಬಸ್ಸಿಳಿಯುವವರಿಗೆ ಹ್ಯಾಮಿಲ್ಟನ್ ಸರ್ಕಲ್ ಗೊತ್ತಿಲ್ಲದ ಜಾಗವೇನಲ್ಲ. ಸರ್ಕಲ್‌ನ ಹೆಸರಿನ ವಿಚಾರ ಹಾಗಿರಲಿ, ಅದೇ ಹೆಸರಿನ ದೊಡ್ಡ ನಗರವೊಂದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿದೆ. ಆ ನಗರ 1968ರಿಂದ ಮಂಗಳೂರಿನ 'ಸಿಸ್ಟರ್ ಸಿಟಿ', ಅಂದರೆ ಸಹೋದರಿ ನಗರ.

1968 ಅಂದರೆ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲ. ಮಂಗಳೂರಿಗೆ ಮಹಾನಗರ ಪಾಲಿಕೆ ಬಂದದ್ದು 1980ರಲ್ಲಿ. ಪಣಂಬೂರಿನ ಬಂದರನ್ನು ದೇಶದ ಪ್ರಮುಖ ಬಂದರು ಎಂದು ಘೋಷಿಸಿದ್ದು 1974ರಲ್ಲಿ. ಅದಕ್ಕೂ ಮೊದಲೇ ಹನ್ನೆರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಊರೊಂದು ನಮ್ಮೂರಿನ ಜತೆ ನೆಂಟಸ್ತಿಕೆ ಮಾಡಿಕೊಂಡಿತ್ತು. ಬೆಂಗಳೂರಿಗೆ ಮಿನ್ಸ್ಕ್, ಕ್ಲೀವ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೊ, ಚೆಂಗ್ಡು ಇವೆ. ಮೈಸೂರಿಗೆ ಅಮೆರಿಕದ ಸಿನ್ಸಿನಾಟಿ ಇದೆ. ಇವನ್ನೆಲ್ಲ ಯಾರು, ಯಾವ ಲೆಕ್ಕದಲ್ಲಿ ಆರಿಸುತ್ತಾರೆ? ಆರಿಸಿದ ಮೇಲೆ ಏನಾಗುತ್ತದೆ? "ಇದರಿಂದ ನಮಗೆಂಥ ಲಾಭ?" ಎಂದು ಅಂಗಡಿಯವರು ಕೇಳಿದರೆ ಕೊಡಬಹುದಾದ ಉತ್ತರವೇನು?

ಅಕ್ಕ ಯಾರು, ತಂಗಿ ಯಾರು?

ಸಿಸ್ಟರ್ ಸಿಟಿ ಅಂದರೆ ಎರಡು ದೇಶಗಳ ಎರಡು ಊರುಗಳು ದೀರ್ಘಕಾಲದ ಸ್ನೇಹಕ್ಕೆ ಬರೆದುಕೊಳ್ಳುವ ಒಪ್ಪಂದ. ಶಾಲಾ ಮಕ್ಕಳು, ಆಟಗಾರರು, ಕಲಾವಿದರು, ವೈದ್ಯರು, ವ್ಯಾಪಾರಿಗಳು, ಪಾಲಿಕೆ ಅಧಿಕಾರಿಗಳು ಹೋಗಿ ಬಂದು ಮಾಡುವುದು ಇದರ ತಿರುಳು. ಇದು ಎರಡು ಸರ್ಕಾರಗಳ ನಡುವಿನ ಒಪ್ಪಂದವಲ್ಲ, ಕೋರ್ಟಿನಲ್ಲಿ ಹಿಡಿದು ಕೇಳುವಂಥ ಕರಾರೂ ಅಲ್ಲ.

ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಬ್ರಿಟನ್ನು ಮತ್ತು ಫ್ರಾನ್ಸಿನವರು 'ಅವಳಿ ಊರು' ಎನ್ನುತ್ತಾರೆ. ಜರ್ಮನರು 'ಜತೆಗಾರ ನಗರ' ಎನ್ನುತ್ತಾರೆ. ರಷ್ಯನ್ನರಿಗೆ ಇವು ಸಹೋದರಿಯರಲ್ಲ, ಸಹೋದರರು. ಚೀನಾದಲ್ಲಿ 'ಸ್ನೇಹ ನಗರ' ಎಂಬ ಮಾತು ಚಾಲ್ತಿಯಲ್ಲಿದೆ. ಅವರ ಭಾಷೆಯಲ್ಲೂ ನಮ್ಮ ಹಾಗೆಯೇ ಅಕ್ಕನಿಗೆ ಒಂದು ಪದ, ತಂಗಿಗೆ ಇನ್ನೊಂದು. ಸಹೋದರಿ ಅಂದ ಕೂಡಲೇ ದೊಡ್ಡವರು ಯಾರು, ಚಿಕ್ಕವರು ಯಾರು ಎಂಬ ಪ್ರಶ್ನೆ ಎದ್ದು ಕೂರುತ್ತದೆ. ಸ್ನೇಹಿತರು ಅಂದುಬಿಟ್ಟರೆ ಆ ತಾಪತ್ರಯವಿಲ್ಲ.

ಹೆಸರು ಸಹೋದರಿಯಾದರೂ ಇದು ಕುದುರುವ ಕ್ರಮ ಮಾತ್ರ ಥೇಟ್ ಮದುವೆ ಸಂಬಂಧದ್ದು. ಯಾರೋ ಒಬ್ಬರು ಪ್ರಸ್ತಾಪ ತರುತ್ತಾರೆ. ಎರಡೂ ಕಡೆಯವರು ಒಬ್ಬರ ಊರನ್ನು ಇನ್ನೊಬ್ಬರು ಬಂದು ನೋಡುತ್ತಾರೆ. ಎಷ್ಟೋ ನಗರಗಳು ಮೊದಲು 'ಫ್ರೆಂಡ್‌ಶಿಪ್ ಸಿಟಿ' ಎಂಬ ಸಣ್ಣ ಒಪ್ಪಂದ ಮಾಡಿಕೊಳ್ಳುತ್ತವೆ, ನಿಶ್ಚಿತಾರ್ಥದ ಹಾಗೆ. ಕೆಲವು ವರ್ಷ ಹೋಗಿ ಬಂದು ನೋಡಿ, ಸರಿ ಕಂಡರೆ ದೊಡ್ಡ ಒಪ್ಪಂದ. ಇಲ್ಲದಿದ್ದರೆ ಯಾರ ಮುಖವೂ ಕೆಡದಂತೆ ಅಲ್ಲಿಗೇ ಬಿಟ್ಟುಬಿಡಬಹುದು.

ಹ್ಯಾಮಿಲ್ಟನ್‌ನ ಐದು ಸಂಬಂಧಗಳು

ಊರುಗಳು ಯಾವ ಯಾವ ಕಾರಣಕ್ಕೆ ಜತೆಯಾಗುತ್ತವೆ ಎನ್ನುವುದಕ್ಕೆ ನಮ್ಮ ಸಹೋದರಿಯ ಮನೆಯನ್ನೇ ನೋಡಿದರೆ ಸಾಕು. ಒಂಟಾರಿಯೊ ಸರೋವರದ ಪಶ್ಚಿಮ ತುದಿಯಲ್ಲಿರುವ ಹ್ಯಾಮಿಲ್ಟನ್ ಬಂದರಿನ ಊರು, ಕೆನಡಾದ ಉಕ್ಕಿನ ಊರು. ಐದೂವರೆ ಲಕ್ಷ ದಾಟಿದ ಜನಸಂಖ್ಯೆ. ಅದಕ್ಕೆ ಇರುವ ಸಂಬಂಧಗಳಲ್ಲಿ ಐದನ್ನು ಸಾಲಾಗಿ ಇಟ್ಟರೆ ಐದರದ್ದೂ ಒಂದೇ ಕಾರಣವಲ್ಲ ಎಂಬುದು ಗೊತ್ತಾಗುತ್ತದೆ.

ಮೊದಲನೆಯದು ಅಮೆರಿಕದ ಫ್ಲಿಂಟ್, 1957. ಜನರಲ್ ಮೋಟರ್ಸ್ ಕಾರುಗಳ ಊರು ಎಂದು ಹೆಸರಾದದ್ದು. ಎರಡೂ ಕಾರ್ಖಾನೆ ಊರುಗಳು. ಗಡಿ ದಾಟಬೇಕು ಅನ್ನುವುದು ಬಿಟ್ಟರೆ ಹೆಚ್ಚು ಕಡಿಮೆ ಮಂಗಳೂರು-ಬೆಂಗಳೂರಿನಷ್ಟೇ ದೂರ, ಬಸ್ಸಿನಲ್ಲಿ ಒಂದು ಹಗಲಿನ ದಾರಿ.

ಜಪಾನಿನ ಫುಕುಯಾಮ 1976ರಲ್ಲಿ ಸೇರಿತು, ಚೀನಾದ ಮಾ-ಆನ್‌ಶಾನ್ 1987ರಲ್ಲಿ. ಎರಡೂ ಕಡೆ ಭಾರಿ ಉಕ್ಕಿನ ಕಾರ್ಖಾನೆಗಳಿವೆ. ಮಾ-ಆನ್‌ಶಾನ್ ಬೆಳೆದದ್ದೇ ಕಬ್ಬಿಣ, ಉಕ್ಕಿನ ಮೇಲೆ. ಇಲ್ಲಿ ಕಸುಬು ನೋಡಿ ಸಂಬಂಧ ಬೆಳೆಸಿದ್ದು ಎದ್ದು ಕಾಣುತ್ತದೆ.

ಇಟಲಿಯ ರಕಾಲ್ಮುಟೊ 1986ರದ್ದು. ಇದು ಸಿಸಿಲಿ ದ್ವೀಪದ ಸಣ್ಣ ಊರು, ಉಪ್ಪು ಮತ್ತು ಗಂಧಕದ ಗಣಿಗಳಿದ್ದದ್ದು. ಜನಸಂಖ್ಯೆಯಲ್ಲಿ ಹ್ಯಾಮಿಲ್ಟನ್‌ಗೂ ಇದಕ್ಕೂ ಆನೆ-ಆಡಿನ ವ್ಯತ್ಯಾಸ. ಆದರೆ ಅಲ್ಲಿಂದ ಕೆಲಸ ಹುಡುಕಿ ಹೊರಟವರು ಸಾಲುಸಾಲಾಗಿ ಬಂದು ನೆಲೆಸಿದ್ದು ಹ್ಯಾಮಿಲ್ಟನ್‌ನಲ್ಲಿ. ಹೀಗಾಗಿ ಪಾಲಿಕೆಯವರು ಸಹಿ ಹಾಕುವುದಕ್ಕೆ ಎಷ್ಟೋ ಮೊದಲೇ ಜನ ಸಂಬಂಧ ಮಾಡಿಕೊಂಡು ಆಗಿತ್ತು. ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೋದವರ ಮನೆಗಳಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಂಗಳೂರು. ಆಗ ಇಲ್ಲಿ ಉಕ್ಕಿನ ಕಾರ್ಖಾನೆ ಇರಲಿಲ್ಲ, ಕುದುರೆಮುಖದ ಅದಿರು ಪಣಂಬೂರಿಗೆ ಇಳಿದು ಬಂದದ್ದೂ ಎಷ್ಟೋ ವರ್ಷಗಳ ಮೇಲೆ. ಕಸುಬಿನ ಲೆಕ್ಕಕ್ಕೆ ಸಿಗದ ಈ ಸಂಬಂಧ ಕುದುರಿದ ಹೊತ್ತಿನಲ್ಲಿ ಆ ಸೀಮೆಯಲ್ಲಿ ಬೇರೊಂದು ಅಲೆ ಎದ್ದಿತ್ತು. ಅದರ ಹೆಸರು 'ಮುಂಡಿಯಲೈಸೇಶನ್'. ಲ್ಯಾಟಿನ್‌ನ ಮುಂಡುಸ್ ಅಂದರೆ ಲೋಕ. ಒಂದು ಊರು ತನ್ನನ್ನು ತಾನೇ 'ಲೋಕದ ಊರು' ಎಂದು ಘೋಷಿಸಿಕೊಳ್ಳುವುದು, ತನ್ನ ದೇಶದ ಬಾವುಟದ ಜತೆ ವಿಶ್ವಸಂಸ್ಥೆಯ ಬಾವುಟವನ್ನೂ ಹಾರಿಸುವುದು, ಬೇರೊಂದು ದೇಶದ ಊರಿನ ಜತೆ ಸ್ನೇಹ ಬೆಳೆಸುವುದು, ಇದು ಆ ಚಳವಳಿಯ ಕ್ರಮ. ಎರಡನೇ ಮಹಾಯುದ್ಧದ ಬೆಂಕಿ ಆರಿದ ಮೇಲೆ ಫ್ರಾನ್ಸಿನ ಕಾವೊರ್ ಎಂಬ ಊರಿನಲ್ಲಿ ಶುರುವಾಗಿ, ಅದರ ಸುತ್ತಲಿನ ನೂರಾರು ಹಳ್ಳಿಗಳಿಗೆ ಹಬ್ಬಿ, ಮುಂದೆ ಕೆನಡಾಕ್ಕೆ ದಾಟಿತು. ಹ್ಯಾಮಿಲ್ಟನ್‌ನ ಪಕ್ಕದಲ್ಲೇ ಇರುವ ಡಂಡಾಸ್ ಪಟ್ಟಣ 1967ರಲ್ಲಿ ಹೀಗೆ ಘೋಷಿಸಿಕೊಂಡು, ಮರುವರ್ಷ ಜಪಾನಿನ ಕಾಗ ಎಂಬ ಊರಿನ ಕೈ ಹಿಡಿಯಿತು. ಮಂಗಳೂರು-ಹ್ಯಾಮಿಲ್ಟನ್ ಜತೆಯಾದದ್ದೂ ಅದೇ 1968ರಲ್ಲಿ. ಹ್ಯಾಮಿಲ್ಟನ್‌ನಲ್ಲಿ ಸಹೋದರಿ ನಗರಗಳ ಕೆಲಸ ನೋಡಿಕೊಳ್ಳುವ ಸ್ವಯಂಸೇವಕರ ಸಮಿತಿಗೆ ಇಟ್ಟ ಹೆಸರೇ ಮುಂಡಿಯಲೈಸೇಶನ್ ಕಮಿಟಿ. (2001ರಲ್ಲಿ ಡಂಡಾಸ್ ಪಟ್ಟಣ ಹ್ಯಾಮಿಲ್ಟನ್‌ಗೆ ವಿಲೀನವಾದಾಗ ಕಾಗ ಕೂಡ ಹ್ಯಾಮಿಲ್ಟನ್‌ನ ಬಳಗಕ್ಕೆ ಬಂತು. ಪುರಸಭೆಗಳನ್ನು ಪಾಲಿಕೆಗೆ ಸೇರಿಸಿದಾಗ ಸಾಲ, ಆಸ್ತಿ ಮಾತ್ರವಲ್ಲ, ನೆಂಟರೂ ಬರುತ್ತಾರೆ.)

ಈಗ ಈ ಐದರಲ್ಲಿ ಯಾವುದು ಹೆಚ್ಚು ಗಟ್ಟಿಯಾಯಿತು ನೋಡಿ. ಫ್ಲಿಂಟ್ ಮತ್ತು ಹ್ಯಾಮಿಲ್ಟನ್ ನಡುವೆ 1958ರಲ್ಲಿ ಮಕ್ಕಳ ಕ್ರೀಡಾಕೂಟ ಶುರುವಾಯಿತು. ಕೆನಡಾ ಮತ್ತು ಯುಎಸ್‌ಎ ಸೇರಿಸಿ 'ಕ್ಯಾನುಸಾ ಗೇಮ್ಸ್' ಅಂತ ಹೆಸರು. ಒಂದು ವರ್ಷ ಇಲ್ಲಿ, ಮರುವರ್ಷ ಅಲ್ಲಿ. ಹೋದ ಮಕ್ಕಳು ಹೋಟೆಲಿನಲ್ಲಿ ಉಳಿಯುವುದಿಲ್ಲ, ಎದುರಾಳಿ ತಂಡದ ಮಕ್ಕಳ ಊರಿನ ಮನೆಗಳಲ್ಲೇ ಊಟ, ನಿದ್ದೆ. ಈಜು ಸ್ಪರ್ಧೆಗೆ ಹೋದ ಹುಡುಗಿ ಎದುರೂರಿನ ಮನೆಯೊಂದರಲ್ಲಿ ವಾರಾಂತ್ಯ ಕಳೆದು ಬಂದರೆ ಎರಡು ಕುಟುಂಬಗಳಿಗೆ ಪರಿಚಯವಾಗುತ್ತದೆ. ಹೀಗೆ ಹೋಗಿ ಬಂದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಕಳಿಸುವಷ್ಟು ಕಾಲ ಈ ಕೂಟ ನಡೆದು ಬಂದಿದೆ. ಫ್ಲಿಂಟ್‌ನ ಕಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಹ್ಯಾಮಿಲ್ಟನ್‌ನ ಉಕ್ಕಿನ ಕೆಲಸಗಳೂ ಕಡಿಮೆಯಾದವು. ಕಸುಬು ಕೈಬಿಟ್ಟರೂ ಆಟ ನಿಲ್ಲಲಿಲ್ಲ.

ಮಂಗಳೂರಿನ ಮಕ್ಕಳನ್ನು ಬಸ್ ಹತ್ತಿಸಿ ಹ್ಯಾಮಿಲ್ಟನ್‌ಗೆ ಕಳಿಸುವಂತಿಲ್ಲ. 1968ರಲ್ಲಂತೂ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾದ ದಿನಗಳು, ಪತ್ರ ಹೋಗಿ ಉತ್ತರ ಬರಲಿಕ್ಕೆ ವಾರಗಳು. ಒಂದೇ ಊರಿನ ಎರಡು ಸಂಬಂಧಗಳು, ಹನ್ನೊಂದು ವರ್ಷದ ಅಂತರದಲ್ಲಿ ಕುದುರಿದವು. ಒಂದರಲ್ಲಿ ಸಾವಿರಾರು ಮನೆಗಳು ಸೇರಿಕೊಂಡವು. ಇನ್ನೊಂದು ಅಷ್ಟು ಮನೆಗಳೊಳಗೆ ಹೋಗಲಿಲ್ಲ.

ಬೆಂಕಿಯಿಂದ ಹುಟ್ಟಿದ ನೆಂಟಸ್ತಿಕೆ

ಊರುಗಳ ಸ್ನೇಹ ಹೊಸದಲ್ಲ. ಜರ್ಮನಿಯ ಪಾಡರ್‌ಬಾರ್ನ್ ಮತ್ತು ಫ್ರಾನ್ಸಿನ ಲೆ ಮಾನ್ಸ್ ತಮ್ಮ ಸಂಬಂಧ 836ರಿಂದ ಇದೆ ಎನ್ನುತ್ತವೆ. ಆ ವರ್ಷ ಲಿಬೋರಿಯಸ್ ಎಂಬ ಸಂತರ ಅಸ್ಥಿಗಳನ್ನು ಲೆ ಮಾನ್ಸ್‌ನಿಂದ ಪಾಡರ್‌ಬಾರ್ನ್‌ಗೆ ಒಯ್ಯಲಾಗಿತ್ತು. ಹೆಸರು ಒಂದೇ ಎಂಬ ಕಾರಣಕ್ಕೆ ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ಮತ್ತು ಸ್ಪೇನಿನ ಟೊಲೆಡೊ 1931ರಲ್ಲಿ ಜತೆಯಾದವು.

ಆದರೆ ಈ ಪದ್ಧತಿ ಬೆಳೆದದ್ದು ಎರಡನೇ ಮಹಾಯುದ್ಧದಿಂದ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಕವೆಂಟ್ರಿ ನಗರದ ಮೇಲೆ ಬಾಂಬು ಸುರಿದವು. 500ಕ್ಕೂ ಹೆಚ್ಚು ಜನ ಸತ್ತರು, ಶತಮಾನಗಳ ಹಳೆಯ ದೊಡ್ಡ ಇಗರ್ಜಿಯ ಗೋಡೆಗಳಷ್ಟೇ ಉಳಿದವು. ಆಮೇಲೆ ರಷ್ಯಾದ ಸ್ಟಾಲಿನ್‌ಗ್ರಾಡ್ ಅದಕ್ಕಿಂತ ಭೀಕರವಾದ ಮುತ್ತಿಗೆಗೆ ಸಿಕ್ಕಿದಾಗ ಕವೆಂಟ್ರಿಯ 830 ಹೆಂಗಸರು ಒಂದು ಮೇಜುಬಟ್ಟೆಯ ಮೇಲೆ ತಮ್ಮ ತಮ್ಮ ಹೆಸರು ಕಸೂತಿ ಹಾಕಿ, ತಲಾ ಆರು ಪೆನ್ನಿ ಸೇರಿಸಿ ಆ ಊರಿಗೆ ಕಳಿಸಿದರು. ಆ ಬಟ್ಟೆಯನ್ನು ಇಂದು ವೋಲ್ಗೊಗ್ರಾಡ್ ಎಂದು ಕರೆಯುವ ಅದೇ ನಗರದ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. 1944ರಲ್ಲಿ ಎರಡು ಊರುಗಳ ಸಂಬಂಧ ಅಧಿಕೃತವಾಯಿತು. ಮೇಯರ್‌ಗಳ ಸಹಿಗಿಂತ ಮೊದಲು ಅಲ್ಲಿ ಬಿದ್ದದ್ದು ಹೆಂಗಸರ ಸೂಜಿದಾರದ ಸಹಿ. 1959ರಲ್ಲಿ ಕವೆಂಟ್ರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳೇ ಸುಟ್ಟುಹಾಕಿದ್ದ ಜರ್ಮನಿಯ ಡ್ರೆಸ್ಡನ್ ಜತೆಗೂ ಕೈ ಜೋಡಿಸಿತು. ನೋವು ತಿಂದ ಊರು, ತನ್ನವರು ನೋವು ಕೊಟ್ಟ ಊರನ್ನು ಆರಿಸಿಕೊಂಡದ್ದು ಇದು.

ಫ್ರಾನ್ಸ್ ಮತ್ತು ಜರ್ಮನಿ ನಡುವೆ ಮೊದಲ ಜೋಡಿ 1950ರಲ್ಲಿ, ಮೊಂಬೆಲಿಯಾರ್ ಮತ್ತು ಲುಡ್ವಿಗ್ಸ್‌ಬರ್ಗ್. ಯುದ್ಧ ಮುಗಿದು ಐದೇ ವರ್ಷ ಆಗಿತ್ತು. ಈಗ ಆ ಎರಡು ದೇಶಗಳ ನಡುವೆ ಎರಡು ಸಾವಿರಕ್ಕೂ ಹೆಚ್ಚು ಜೋಡಿಗಳಿವೆ, ಅದರಲ್ಲಿ ನಮ್ಮ ಗ್ರಾಮ ಪಂಚಾಯಿತಿ ಗಾತ್ರದ ಊರುಗಳೂ ಬೇಕಾದಷ್ಟು. ಜಪಾನಿನ ನಾಗಸಾಕಿ ಅಣುಬಾಂಬು ಬಿದ್ದ ಹತ್ತು ವರ್ಷಕ್ಕೆ, 1955ರಲ್ಲಿ, ಅಮೆರಿಕದ ಸೇಂಟ್ ಪಾಲ್ ನಗರದ ಜತೆ ಸೇರಿತು. 1956ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಜನ-ಜನರ ನಡುವಿನ ಸ್ನೇಹದ ಕಾರ್ಯಕ್ರಮ ಘೋಷಿಸಿದರು. ಇಂದಿನ 'ಸಿಸ್ಟರ್ ಸಿಟೀಸ್ ಇಂಟರ್‌ನ್ಯಾಷನಲ್' ಸಂಸ್ಥೆಯ ಬೇರು ಅಲ್ಲಿದೆ.

ನಮ್ಮ ದೇಶದಲ್ಲಿ ಸಹಿ ಹಾಕುವವರು ಯಾರು?

ಅಮೆರಿಕ, ಕೆನಡಾಗಳಲ್ಲಿ ಪ್ರಸ್ತಾಪ ಹೆಚ್ಚಾಗಿ ಕೆಳಗಿಂದ ಏಳುತ್ತದೆ. ಒಂದು ಸಮುದಾಯ, ಒಂದು ಕಾಲೇಜು, ಒಂದು ರೋಟರಿ ಕ್ಲಬ್ಬು ಸಮಿತಿ ಕಟ್ಟಿಕೊಂಡು ನಗರಾಡಳಿತದ ಬಾಗಿಲು ತಟ್ಟುತ್ತದೆ. ದುಡ್ಡು ಎಲ್ಲಿಂದ ತರುತ್ತೀರಿ, ಕೆಲಸ ಯಾರು ಮಾಡುತ್ತೀರಿ ಎಂದು ಕೇಳಿದ ಮೇಲೆಯೇ ಕೌನ್ಸಿಲ್ ಒಪ್ಪುವುದು. ಕೊನೆಯ ಸಹಿ ಮೇಯರ್‌ದು.

ಜಪಾನಿನಲ್ಲಿ ಇದಕ್ಕೆಂದೇ 1988ರಲ್ಲಿ ಸ್ಥಾಪನೆಯಾದ 'ಕ್ಲೇರ್' ಎಂಬ ಸಂಸ್ಥೆ ಇದೆ. ಅದರ ಪಟ್ಟಿಗೆ ಸೇರಬೇಕಾದರೆ ಮೂರು ಷರತ್ತು. ಎರಡೂ ಕಡೆಯ ಮುಖ್ಯಸ್ಥರು ಸಹಿ ಮಾಡಿದ ಪತ್ರ ಇರಬೇಕು, ಸಂಬಂಧ ಒಂದೇ ಕ್ಷೇತ್ರಕ್ಕೆ ಸೀಮಿತವಾಗಿರಬಾರದು, ಚುನಾಯಿತ ಸಭೆಯ ಒಪ್ಪಿಗೆ ಇರಬೇಕು. ಮೂರನೆಯದು ಮುಖ್ಯ. ಮೇಯರ್ ಒಬ್ಬರೇ ವಿಮಾನ ಹತ್ತಿ ಹೋಗಿ ಸಹಿ ಹಾಕಿ ಬಂದರೆ ಆಗುವುದಿಲ್ಲ, ಊರಿನ ಪ್ರತಿನಿಧಿಗಳು ಕೂತು ಒಪ್ಪಬೇಕು.

ನಮ್ಮಲ್ಲಿ ದಾರಿ ಉದ್ದ. ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ವಿದೇಶ ವ್ಯವಹಾರ ಮತ್ತು ವಿದೇಶಗಳ ಜತೆಗಿನ ಒಪ್ಪಂದ ಕೇಂದ್ರದ ಪಟ್ಟಿಯ ವಿಷಯಗಳು. ಆದ್ದರಿಂದ ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ನಿರ್ಣಯ ಆದರೂ ಫೈಲು ರಾಜ್ಯ ಸರ್ಕಾರಕ್ಕೆ ಹೋಗಿ, ಅಲ್ಲಿಂದ ದೆಹಲಿಯ ವಿದೇಶಾಂಗ ಸಚಿವಾಲಯದ ಒಪ್ಪಿಗೆ ಪಡೆಯಬೇಕು. ರಾಜ್ಯಗಳ ಇಂಥ ಕೆಲಸ ನೋಡಿಕೊಳ್ಳಲು 2014ರಲ್ಲಿ ಆ ಸಚಿವಾಲಯದಲ್ಲಿ ಪ್ರತ್ಯೇಕ ವಿಭಾಗವೇ ಶುರುವಾಗಿದೆ.

ಇನ್ನೊಂದು ದಾರಿ ಮೇಲಿಂದ ಕೆಳಕ್ಕೆ. ಪ್ರಧಾನಿಗಳು ವಿದೇಶಕ್ಕೆ ಹೋದಾಗ ಸಹಿ ಬೀಳುವ ಒಪ್ಪಂದಗಳ ಕಟ್ಟಿನಲ್ಲಿ ಒಂದೆರಡು ಸಿಸ್ಟರ್ ಸಿಟಿ ಪತ್ರಗಳೂ ಇರುತ್ತವೆ. ಮನಮೋಹನ್ ಸಿಂಗ್ 2013ರ ಅಕ್ಟೋಬರ್‌ನಲ್ಲಿ ಚೀನಾಕ್ಕೆ ಹೋದಾಗ ಬೆಂಗಳೂರು-ಚೆಂಗ್ಡು, ಕೋಲ್ಕತ್ತ-ಕುನ್‌ಮಿಂಗ್, ದೆಹಲಿ-ಬೀಜಿಂಗ್ ಜೋಡಿಗಳಾದವು. ನರೇಂದ್ರ ಮೋದಿ 2015ರಲ್ಲಿ ಹೋದಾಗ ಚೆನ್ನೈ-ಚಾಂಗ್‌ಕಿಂಗ್, ಹೈದರಾಬಾದ್-ಚಿಂಗ್ಡಾವ್ ಆದವು. ಅದೇ ಭೇಟಿಯಲ್ಲಿ ಕರ್ನಾಟಕ ರಾಜ್ಯವೇ ಸಿಚುವಾನ್ ಪ್ರಾಂತ್ಯದ ಸಹೋದರಿಯಾಯಿತು. ಚೆಂಗ್ಡು ಅದೇ ಸಿಚುವಾನ್‌ನ ರಾಜಧಾನಿ.

2014ರ ಆಗಸ್ಟ್ 30ರಂದು ಜಪಾನಿನಲ್ಲಿ ಆದ ವಾರಾಣಸಿ-ಕ್ಯೋಟೊ ಒಪ್ಪಂದದ ಒಂದು ವಿವರ ಗಮನಿಸಬೇಕು. ಕ್ಯೋಟೊ ಪರವಾಗಿ ಸಹಿ ಹಾಕಿದ್ದು ಆ ನಗರದ ಮೇಯರ್. ವಾರಾಣಸಿ ಪರವಾಗಿ ಸಹಿ ಹಾಕಿದ್ದು ಜಪಾನಿನಲ್ಲಿದ್ದ ಭಾರತದ ರಾಯಭಾರಿ. ಒಂದು ಕಡೆ ಊರಿನವರೇ ಬಂದು ಕೂತಿದ್ದರು, ಇನ್ನೊಂದು ಕಡೆ ಊರಿನ ಪರವಾಗಿ ದೇಶ ಕೂತಿತ್ತು.

ಏನನ್ನು ಹೊಂದಿಸಿ ನೋಡುತ್ತಾರೆ?

ಭಾರತದ ಜೋಡಿಗಳಲ್ಲಿ ಹೊಂದಾಣಿಕೆ ಚೆನ್ನಾಗಿ ಕಾಣುವುದು ಔರಂಗಾಬಾದ್ (ಈಗ ಛತ್ರಪತಿ ಸಂಭಾಜಿನಗರ) ಮತ್ತು ಚೀನಾದ ಡುನ್‌ಹುವಾಂಗ್ ನಡುವೆ, 2015ರದ್ದು. ಒಂದು ಕಡೆ ಅಜಂತಾ-ಎಲ್ಲೋರ, ಇನ್ನೊಂದು ಕಡೆ ಮೊಗಾವೊ ಗುಹೆಗಳು. ಎರಡೂ ಕಡೆ ಬೌದ್ಧ ಗುಹಾಚಿತ್ರಗಳು, ಎರಡೂ ಕಡೆ ಪ್ರವಾಸಿಗರ ಉಸಿರಿನಿಂದ, ತೇವದಿಂದ ಬಣ್ಣ ಕಾಪಾಡುವ ತಲೆನೋವು. ಇಂಥ ಜೋಡಿಗೆ ಮಾತಾಡಲು ವಿಷಯ ಹುಡುಕಬೇಕಾಗಿಲ್ಲ.

ಅಯೋಧ್ಯೆ ಮತ್ತು ದಕ್ಷಿಣ ಕೊರಿಯಾದ ಗಿಮ್ಹೇ ನಡುವಿನದು ಐತಿಹ್ಯದ ನಂಟು. 'ಆಯುತ' ಎಂಬ ದೇಶದ ರಾಜಕುಮಾರಿ ಕ್ರಿ.ಶ. 48ರಲ್ಲಿ ಕಡಲು ದಾಟಿ ಬಂದು ಅಲ್ಲಿನ ರಾಜ ಸುರೊನನ್ನು ಮದುವೆಯಾದಳು ಎಂದು ಕೊರಿಯಾದ ಹಳೆಯ ಗ್ರಂಥವೊಂದು ಹೇಳುತ್ತದೆ. ಆಯುತ ಅಂದರೆ ಅಯೋಧ್ಯೆ ಎಂಬುದನ್ನು ಇತಿಹಾಸಕಾರರೆಲ್ಲ ಒಪ್ಪುವುದಿಲ್ಲ. ಆದರೆ ಆ ರಾಣಿಯ ವಂಶದವರು ಅಂದುಕೊಳ್ಳುವ ಕೊರಿಯನ್ನರು ಸರಯೂ ತೀರಕ್ಕೆ ಬಂದು 2001ರಲ್ಲಿ ಸ್ಮಾರಕ ನಿಲ್ಲಿಸಿದರು. ಅವರಿಗೆ ಇದು ತವರುಮನೆ. ಸಂಬಂಧ ನಡೆಯಲಿಕ್ಕೆ ಅಷ್ಟು ಸಾಕಾಯಿತು.

ಬೆಂಗಳೂರಿನ ಪಟ್ಟಿ ಓದಿದರೆ ಆಯಾ ಕಾಲದ ಗಾಳಿ ಯಾವ ಕಡೆ ಬೀಸುತ್ತಿತ್ತು ಎಂದು ಹೇಳಬಹುದು. 1973ರಲ್ಲಿ ಮಿನ್ಸ್ಕ್, ಅದು ಸೋವಿಯತ್ ಒಕ್ಕೂಟದ ಜತೆ ಭಾರತ ಆಪ್ತವಾಗಿದ್ದ ಕಾಲ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದ ಹತ್ತಿರದ ಮಿನ್ಸ್ಕ್ ಸ್ಕ್ವೇರ್ ಆ ನೆನಪಿನದು. 1992ರಲ್ಲಿ ಕ್ಲೀವ್‌ಲ್ಯಾಂಡ್, ಅಷ್ಟೊತ್ತಿಗೆ ಸೋವಿಯತ್ ಒಕ್ಕೂಟ ಒಡೆದು, ಭಾರತದ ಮಾರುಕಟ್ಟೆ ತೆರೆದಿತ್ತು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಸಾಫ್ಟ್‌ವೇರ್‌ನ ದಾರಿ. 2013ರಲ್ಲಿ ಚೀನಾ.

ಎಲ್ಲರೂ ದೊಡ್ಡ ಊರನ್ನೇ ಬಯಸುವುದರಿಂದ ತಮಾಷೆಗಳೂ ನಡೆದಿವೆ. ಪ್ಯಾರಿಸ್‌ಗೆ 1956ರಿಂದ ಇರುವ ಅಧಿಕೃತ ಜೋಡಿ ಒಂದೇ, ರೋಮ್. ಉಳಿದವರಿಗೆಲ್ಲ ಸ್ನೇಹದ ಪತ್ರ ಅಷ್ಟೇ. ಇಂಗ್ಲೆಂಡಿನ ವಿಟ್‌ವೆಲ್ ಎಂಬ ಪುಟ್ಟ ಹಳ್ಳಿಯವರು ಆಗ ಪ್ಯಾರಿಸ್ ಮೇಯರ್ ಆಗಿದ್ದ ಜಾಕ್ ಶಿರಾಕ್‌ಗೆ ಪತ್ರ ಬರೆದು, ಇಂಥ ತಾರೀಖಿನೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಅಂತ ತಿಳಿದುಕೊಳ್ಳುತ್ತೇವೆ ಅಂದರು. ಉತ್ತರ ಬರಲಿಲ್ಲ. ಊರ ಬಾಗಿಲಲ್ಲಿ 'ಪ್ಯಾರಿಸ್‌ನ ಅವಳಿ' ಎಂಬ ಬೋರ್ಡು ಬಂತು.

ಸಂಬಂಧ ಮುರಿಯುವುದೂ ಉಂಟು

ಬೆಂಗಳೂರಿನ ಸಹೋದರಿ ಸ್ಯಾನ್ ಫ್ರಾನ್ಸಿಸ್ಕೊಗೆ ಜಪಾನಿನ ಒಸಾಕ ಕೂಡ 1957ರಿಂದ ಸಹೋದರಿಯಾಗಿತ್ತು. ಯುದ್ಧಕಾಲದಲ್ಲಿ ಜಪಾನಿ ಸೈನಿಕರ ಲೈಂಗಿಕ ಗುಲಾಮಗಿರಿಗೆ ತಳ್ಳಲ್ಪಟ್ಟ ಏಷ್ಯಾದ ಹೆಣ್ಣುಮಕ್ಕಳ ನೆನಪಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಪ್ರತಿಮೆ ನಿಂತಿತು. ಅದನ್ನು ನಗರಾಡಳಿತ ತನ್ನ ಆಸ್ತಿಯಾಗಿ ಒಪ್ಪಿಕೊಂಡಿತು. ಒಸಾಕದ ಮೇಯರ್ ತಕರಾರು ತೆಗೆದರು. 2018ರಲ್ಲಿ ಅರುವತ್ತೊಂದು ವರ್ಷದ ಸಂಬಂಧ ಮುಗಿಯಿತು.

ಪ್ರಾಗ್ ಮತ್ತು ಬೀಜಿಂಗ್ 2016ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ತೈವಾನ್ ಚೀನಾದ ಭಾಗ ಎಂಬ ಅರ್ಥ ಬರುವ ಸಾಲು ಇತ್ತು. ಮುಂದೆ ಬಂದ ಮೇಯರ್, ಊರು-ಊರುಗಳ ಸ್ನೇಹಪತ್ರದಲ್ಲಿ ಈ ರಾಜಕೀಯ ಯಾಕೆ, ತೆಗೆಯಿರಿ ಅಂದರು. ಬೀಜಿಂಗ್ ಒಪ್ಪಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಒಪ್ಪಂದ ಮುರಿಯಿತು, 2020ರ ಜನವರಿಯಲ್ಲಿ ಪ್ರಾಗ್ ತೈವಾನ್‌ನ ತೈಪೆ ಜತೆ ಸಹಿ ಹಾಕಿತು. ಪತ್ರದಲ್ಲಿ ಏನು ಬರೆದಿದೆ ಎಂದು ಸಹಿಗೆ ಮೊದಲು ಓದಬೇಕು ಎನ್ನುವುದು ಬ್ಯಾಂಕ್ ಸಾಲಕ್ಕೆ ಮಾತ್ರ ಅನ್ವಯಿಸುವ ಮಾತಲ್ಲ.

2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಶಿಕಾಗೊ ನಗರ ಮಾಸ್ಕೊ ಜತೆಗಿನ ಸಂಬಂಧವನ್ನು ತಡೆಹಿಡಿಯಿತು. ಹೀಗೆ ಕಡಿದುಕೊಳ್ಳಬೇಡಿ, ದೇಶಗಳು ಮಾತು ಬಿಟ್ಟಾಗಲೇ ಊರುಗಳ ಮಾತು ಬೇಕಾಗುವುದು ಎಂಬ ನಿಲುವು ಸಿಸ್ಟರ್ ಸಿಟೀಸ್ ಇಂಟರ್‌ನ್ಯಾಷನಲ್‌ದು. ಮೈಸೂರಿನ ಸಹೋದರಿ ಸಿನ್ಸಿನಾಟಿಗೆ ಉಕ್ರೇನಿನ ಖಾರ್ಕಿವ್ ಕೂಡ ಸಹೋದರಿ, 1989ರಿಂದ. ಬಾಂಬು ಬಿದ್ದಾಗ ಸಿನ್ಸಿನಾಟಿಯ ಸಮಿತಿ ಖಾರ್ಕಿವ್‌ಗಾಗಿ ಹಣ, ಸಾಮಗ್ರಿ ಸಂಗ್ರಹಿಸಿತು. ಮೂವತ್ತು ವರ್ಷಗಳ ಪರಿಚಯ ಇದ್ದದ್ದರಿಂದ ಯಾರಿಗೆ ಫೋನ್ ಮಾಡಬೇಕು ಎಂದು ಅವರಿಗೆ ಗೊತ್ತಿತ್ತು.

ಅಂಗಡಿಯವರಿಗೆ ಏನು ಸಿಗುತ್ತದೆ?

ನೇರ ಉತ್ತರ: ಒಪ್ಪಂದದ ಕಾಗದದಿಂದ ಏನೂ ಇಲ್ಲ. ಸಿಸ್ಟರ್ ಸಿಟಿ ಆದ ಮಾತ್ರಕ್ಕೆ ವೀಸಾ ಸುಲಭ ಆಗುವುದಿಲ್ಲ, ಸುಂಕ ಇಳಿಯುವುದಿಲ್ಲ, ಕಾಲೇಜಿನಲ್ಲಿ ಸೀಟು ಮೀಸಲಾಗುವುದಿಲ್ಲ. ವಿದೇಶಿ ಸಹೋದರಿ ನಗರದ ಹೆಸರು ಹೇಳಿ ಉದ್ಯೋಗ, ವೀಸಾ ಕೊಡಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಅದು ಮೋಸ ಅಂತಲೇ ತಿಳಿಯಬೇಕು. ಮಂಗಳೂರಿನ ಗೋಡಂಬಿ ಹ್ಯಾಮಿಲ್ಟನ್‌ನ ಅಂಗಡಿ ಸೇರಬೇಕಾದರೆ ಡಿಜಿಎಫ್‌ಟಿ ಕೊಡುವ ಐಇಸಿ ನಂಬರ್ ಬೇಕು, ಆಹಾರ ಸುರಕ್ಷತೆಯ ಕಾಗದ ಬೇಕು, ಕೆನಡಾದ ನಿಯಮಕ್ಕೆ ಹೊಂದುವ ಲೇಬಲ್ ಬೇಕು. ಸಹೋದರಿ ನಗರದ ಪೆಟ್ಟಿಗೆಗೂ ಬೇರೆ ಊರಿನ ಪೆಟ್ಟಿಗೆಗೂ ಕಸ್ಟಮ್ಸ್‌ನಲ್ಲಿ ಒಂದೇ ಸಾಲು.

ಸಿಗಬಹುದಾದದ್ದು ಪರಿಚಯ. ಒಂದು ವ್ಯಾಪಾರಿ ಸಂಘ ಇನ್ನೊಂದು ಊರಿನ ಛೇಂಬರ್‌ಗೆ ಪತ್ರ ಬರೆದರೆ ಅದನ್ನು ತೆರೆದು ಓದುವ ಜನ ಅಲ್ಲಿರುತ್ತಾರೆ. ಕಸ ವಿಲೇವಾರಿ, ಮಳೆನೀರು ಚರಂಡಿ, ಬಂದರಿನ ಕೊಳಕು ನೀರಿನಂಥ ವಿಷಯಗಳಲ್ಲಿ ಒಂದು ಊರಿನ ಎಂಜಿನಿಯರ್ ಇನ್ನೊಂದು ಊರಿನ ಎಂಜಿನಿಯರ್‌ನನ್ನು ನೇರವಾಗಿ ಕೇಳಬಹುದು. ಉಕ್ಕಿನ ಕಾರ್ಖಾನೆಗಳಿಂದ ಕೆಟ್ಟುಹೋಗಿದ್ದ ತನ್ನ ಬಂದರಿನ ನೀರನ್ನು ಸರಿಪಡಿಸಲು ಹ್ಯಾಮಿಲ್ಟನ್ ದಶಕಗಳಿಂದ ಕೆಲಸ ಮಾಡುತ್ತಿದೆ. ಫಲ್ಗುಣಿ, ನೇತ್ರಾವತಿ ಸೇರುವ ಅಳಿವೆಯ ಊರಿಗೆ ಆ ಅನುಭವ ಕೇಳಿ ತಿಳಿಯುವಂಥದ್ದು. ಕೇಳುವುದು ಯಾರು ಅನ್ನುವುದಷ್ಟೇ ಪ್ರಶ್ನೆ. ಪಾಲಿಕೆಯ ಮೇಯರ್ ಅವಧಿ ಒಂದು ವರ್ಷದ್ದು, ಕಮಿಷನರ್ ವರ್ಗವಾಗುತ್ತಾರೆ. ಹ್ಯಾಮಿಲ್ಟನ್, ಸಿನ್ಸಿನಾಟಿಗಳಲ್ಲಿ ಇರುವಂತೆ ಊರಿನವರದೇ ಒಂದು ಸಮಿತಿ ಇಲ್ಲದಿದ್ದರೆ, ಫೈಲು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುವಷ್ಟರಲ್ಲಿ ಆ ಕಡೆಯವರ ವಿಳಾಸವೇ ಬದಲಾಗಿರುತ್ತದೆ.

ಖರ್ಚಿನ ಮಾತೂ ಇದೆ. ನಿಯೋಗದ ವಿಮಾನ ಟಿಕೆಟ್ ಸಾರ್ವಜನಿಕರ ತೆರಿಗೆಯದ್ದಾದರೆ, ಹೋದವರು ಯಾರು, ಏನು ತಂದರು ಎಂದು ಕೇಳುವ ಹಕ್ಕು ಅಂಗಡಿ ಲೈಸೆನ್ಸ್, ಮನೆ ತೆರಿಗೆ ಕಟ್ಟುವ ಎಲ್ಲರಿಗೂ ಇದೆ.

ತಿಳಿಯಬೇಕಾದರೆ ಹೀಗೆ ಮಾಡಿ

ನಿಮ್ಮ ಊರಿನ ಪಾಲಿಕೆ ಅಥವಾ ನಗರಸಭೆ ಯಾವುದಾದರೂ ವಿದೇಶಿ ನಗರದ ಜತೆ ಒಪ್ಪಂದ ಮಾಡಿಕೊಂಡಿದೆಯೇ ಎಂದು ತಿಳಿಯಲು ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅರ್ಜಿ ಕೊಡಬಹುದು. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಆಗುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಒಪ್ಪಂದದ ಪ್ರತಿ, ಅದನ್ನು ಒಪ್ಪಿದ ಸಾಮಾನ್ಯ ಸಭೆಯ ನಿರ್ಣಯದ ಪ್ರತಿ, ಅದಕ್ಕೆ ಈವರೆಗೆ ಆದ ಖರ್ಚಿನ ವಿವರ, ಇಷ್ಟು ಕೇಳಿದರೆ ಸಾಕು. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಮೇಲ್ಮನವಿ ಸಲ್ಲಿಸಬಹುದು.